ಸದಸ್ಯರು ಬದಲಾದಂತೆ ಪಿಂಕ್ ಫ್ಲಾಯ್ಡ್ ತಂಡದ ಸಂಗೀತ ಹೇಗೆ ಬದಲಾಯಿತು?

ಹಾಸನದಲ್ಲಿ ಗಿಟಾರ್ ಕಲಿಯುವ ಕಾಲೇಜು ಹುಡುಗರಿಂದಲೂ ನಾನು ಆಗಾಗ ಕೇಳುವ ಪ್ರಶ್ನೆಯಿದು. 1965ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡ ಈ ರಾಕ್ ತಂಡದ ಮೊದಲ ಆಲ್ಬಮ್ಮಿನ (1967) ಬಹುಪಾಲು ಹಾಡುಗಳು ಗಾಯಕ, ಗಿಟಾರ್ ವಾದಕ ಸಿಡ್ ಬ್ಯಾರೆಟ್ ಅವರವು. ಅವರ ಮನಸ್ಸಿನ ಆರೋಗ್ಯ ಕುಸಿದು, ವೇದಿಕೆಯ ಮೇಲೆ ನುಡಿಸುವುದೇ ಕಷ್ಟವಾದಾಗ ಗೆಳೆಯ, ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಬಂದು ಸೇರಿದರು. 1968ರಲ್ಲಿ ಬ್ಯಾರೆಟ್ ಹೊರಗುಳಿದರು.

ಗಿಲ್ಮೋರ್, ಬಾಸ್ ಗಿಟಾರ್ ವಾದಕ ರೋಜರ್ ವಾಟರ್ಸ್, ಕೀಬೋರ್ಡ್ ವಾದಕ ರಿಚರ್ಡ್ ರೈಟ್, ಡ್ರಮ್ಸ್ ವಾದಕ ನಿಕ್ ಮೇಸನ್ ನಾಲ್ವರೂ ಸೇರಿ ರೂಪಿಸಿದ 1973ರ ಆಲ್ಬಮ್ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ತಂಡದ ಶಿಖರವೆಂದೇ ನನ್ನ ದೃಢ ಅಭಿಪ್ರಾಯ. 1975ರಲ್ಲಿ ಬ್ಯಾರೆಟ್ ಅವರನ್ನೇ ನೆನೆದು ಬರೆದ ದೀರ್ಘ ಗೀತೆಯ ಕೆಲಸ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ನಡೆದಿದ್ದಾಗ, ತಲೆಯನ್ನೂ ಹುಬ್ಬುಗಳನ್ನೂ ಬೋಳಿಸಿಕೊಂಡು, ತುಂಬ ದಪ್ಪಗಾಗಿದ್ದ ವ್ಯಕ್ತಿಯೊಬ್ಬರು ಒಳಬಂದರು. ಅವರೇ ಬ್ಯಾರೆಟ್ ಎಂದು ಗುರುತಿಸಲು ಹಳೆಯ ಗೆಳೆಯರಿಗೇ ಹೊತ್ತು ಹಿಡಿಯಿತು.

ಆಮೇಲೆ ವಾಟರ್ಸ್ ಹಿಡಿತ ಬಿಗಿಯಾಯಿತು. 1979ರ ‘ದಿ ವಾಲ್’ ಆಲ್ಬಮ್ಮಿನ ಕಾಲದಲ್ಲಿ ರೈಟ್ ಸದಸ್ಯತ್ವ ಕಳೆದುಕೊಂಡರು. 1983ರ ‘ದಿ ಫೈನಲ್ ಕಟ್’ ಹೆಚ್ಚುಕಡಿಮೆ ವಾಟರ್ಸ್ ಒಬ್ಬರದೇ ಕೃತಿ. 1985ರಲ್ಲಿ ಅವರು ಹೊರನಡೆದ ಬಳಿಕ ಗಿಲ್ಮೋರ್ ಮುಂದಾಳತ್ವದಲ್ಲಿ ಮಾತಿಗಿಂತ ಗಿಟಾರಿನ ನಾದವೇ ಮುಂದಾಯಿತು. 1994ರ ‘ದಿ ಡಿವಿಷನ್ ಬೆಲ್’ ವೇಳೆಗೆ ರೈಟ್ ಮರಳಿದ್ದರು. ಎಲ್ಲ ಆಲ್ಬಮ್ಮುಗಳಲ್ಲೂ ಉಳಿದವರು ಮೇಸನ್ ಒಬ್ಬರೇ.