ಪ್ರವಾಸದ ಕೊನೆಯ ಕಾರ್ಯಕ್ರಮದಲ್ಲಿ ಅಳು ಬಂದರೆ ಹಾಡೋದು ಹೇಗೆ?

ನೀವು ಕೇಳಿದ್ದು ಇಷ್ಟು: ಕಾಲೇಜಿನ ಕಾಯರ್ (ಒಟ್ಟಿಗೆ ಹಾಡುವ ತಂಡ) ಜೊತೆ ಜರ್ಮನಿಗೆ ಹೋಗುತ್ತಿದ್ದೀರಿ, ಕೊನೆಯ ದಿನದ ಕಾರ್ಯಕ್ರಮ ಲೈಪ್‌ಜಿಗ್‌ನ ಒಂದು ಚರ್ಚಿನಲ್ಲಿ, ನಿಮಗಿದು ಕೊನೆಯ ವರ್ಷ. ಹಾಡುವಾಗ ಅಳು ಬಂದುಬಿಟ್ಟರೆ ಏನು ಮಾಡೋದು? ಓದುವ ಕಾಲದಲ್ಲಿ ನಾನೂ ನಿಮ್ಮ ಹಾಗೆ ಆಲ್ಟೊ, ಅಂದರೆ ಹೆಂಗಸರ ತಗ್ಗಿನ ಧ್ವನಿಯ ಭಾಗ, ಹಾಡುತ್ತಿದ್ದೆ. ನಮ್ಮ ಪ್ರವಾಸ ಮುಗಿದದ್ದೂ ಅದೇ ಊರಲ್ಲಿ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಅಳು ಬಂದೇ ಬರುತ್ತದೆ. ಬರಲೇಬಾರದು ಅಂತ ಹಟ ಹಿಡಿದರೆ ಮೊದಲು ಕೆಡುವುದು ಹಾಡೇ. ಅಳು ಒತ್ತರಿಸಿ ಬಂದಾಗ ದೇಹ ಜಾಸ್ತಿ ಗಾಳಿಗಾಗಿ ಧ್ವನಿಪೆಟ್ಟಿಗೆಯ ಬಾಯನ್ನು ಅಗಲ ಮಾಡುತ್ತದೆ. ನಾವು ಅಳು ನುಂಗಲು ನೋಡುತ್ತೇವೆ. ನುಂಗಬೇಕಾದರೆ ಅದೇ ಬಾಯಿ ಮುಚ್ಚಬೇಕು. ಈ ಎಳೆದಾಟದಿಂದಲೇ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಅನಿಸುವುದು. ಆ ಹೊತ್ತಿನಲ್ಲಿ ಸ್ವರವನ್ನು ಬಲವಂತವಾಗಿ ಎಳೆಯಬೇಡಿ. ಒಂದೆರಡು ಸಾಲು ಬಾಯಿ ಆಡಿಸಿದರೆ ಸಾಕು. ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ, ಆಮೇಲೆ ಪಕ್ಕದವರ ಸ್ವರಕ್ಕೆ ಮೆತ್ತಗೆ ಸೇರಿಕೊಳ್ಳಿ. ಉದ್ದದ ಸ್ವರ ಹಿಡಿಯುವಾಗ ಒಬ್ಬೊಬ್ಬರೂ ಬೇರೆ ಬೇರೆ ಜಾಗದಲ್ಲಿ ಉಸಿರು ತೆಗೆದುಕೊಳ್ಳುತ್ತೀರಿ, ಕೇಳುವವರಿಗೆ ಅದು ಗೊತ್ತೇ ಆಗುವುದಿಲ್ಲ, ಅಲ್ವಾ? ಇದೂ ಹಾಗೇ. ನೀವು ಬಿಟ್ಟ ಸಾಲನ್ನು ಉಳಿದ ಆಲ್ಟೊಗಳು ಹಿಡಿದುಕೊಂಡಿರುತ್ತಾರೆ.

ಇನ್ನೂ ಒಳ್ಳೆಯ ದಾರಿ ಒಂದಿದೆ. ಅಳುವುದಕ್ಕೆ ಬೆಳಗ್ಗೆಯೇ ಜಾಗ ಮಾಡಿಕೊಳ್ಳಿ. ಕೊನೆಯ ದಿನದ ಬೆಳಗ್ಗೆಯನ್ನು ಅಂಗಡಿ ಸುತ್ತಲು ಬಿಡುವವರೇ ಹೆಚ್ಚು. ನನ್ನ ಪ್ರಕಾರ ಅದು ನಷ್ಟ. ನಾವು ಥಾಮಸ್ ಚರ್ಚಿಗೆ ಹೋದೆವು. ಒಳಗೆ ನೆಲದಲ್ಲಿ ಒಂದು ಕಂಚಿನ ಫಲಕ, ಅದರ ಮೇಲೆ ಸಂಗೀತ ರಚನಕಾರ ಬಾಖ್ ಹೆಸರು. ಅವನನ್ನು ಮೊದಲು ಹೂಳಿದ್ದು ಬೇರೆ ಚರ್ಚಿನ ಅಂಗಳದಲ್ಲಿ. ಆ ಚರ್ಚು ಎರಡನೇ ಮಹಾಯುದ್ಧದಲ್ಲಿ ಹಾಳಾಯಿತು. 1950ರಿಂದ ಅವನ ಸಮಾಧಿ ಇಲ್ಲಿದೆ. 1723ರಿಂದ 1750ರಲ್ಲಿ ಸಾಯುವವರೆಗೂ ಅವನು ಇಲ್ಲಿ ಕ್ಯಾಂಟರ್, ಅಂದರೆ ಚರ್ಚಿನ ಸಂಗೀತ ನೋಡಿಕೊಳ್ಳುವವನು, ಆಗಿದ್ದ. ಚರ್ಚಿನ ಪಕ್ಕದ ಶಾಲೆಯ ಹುಡುಗರಿಗೆ ಸಂಗೀತ ಕಲಿಸಿ, ಅವರಿಂದಲೇ ಹಾಡಿಸುತ್ತಿದ್ದ. ಇವತ್ತು ನಾವು ಇಷ್ಟು ಗೌರವದಿಂದ ಹಾಡುವ ಎಷ್ಟೋ ಸಂಗೀತವನ್ನು ಮೊದಲು ಹಾಡಿದವರು ವಿದ್ಯಾರ್ಥಿಗಳು! ಆ ಹುಡುಗರ ಕಾಯರ್ 1212ರಿಂದ ನಡೆದುಕೊಂಡು ಬಂದಿದೆ. ಪ್ರತಿ ವರ್ಷ ದೊಡ್ಡವರು ಶಾಲೆ ಮುಗಿಸಿ ಹೋಗುತ್ತಾರೆ, ಚಿಕ್ಕವರು ಬರುತ್ತಾರೆ. ಇದನ್ನು ಅಲ್ಲಿ ನಿಂತು ಯೋಚಿಸಿದಾಗ ನಮ್ಮಲ್ಲಿ ಅರ್ಧ ಜನ ಅತ್ತುಬಿಟ್ಟರು. ನಾನೂ ಅತ್ತೆ. ಸಂಜೆಗೆ ಮನಸ್ಸು ಎಷ್ಟೋ ಹಗುರವಾಗಿತ್ತು. ನಿಮ್ಮ ಕೊನೆಯ ದಿನ ಶುಕ್ರವಾರ ಅಥವಾ ಶನಿವಾರ ಆಗಿದ್ದರೆ, ಅಲ್ಲಿ ನಡೆಯುವ ಮೋಟೆಟ್ (ಕಾಯರ್ ಹಾಡುವ ಧಾರ್ಮಿಕ ಹಾಡು) ಪ್ರಾರ್ಥನೆಯ ಸಮಯ ನೋಡಿಕೊಳ್ಳಿ. ಸಾಮಾನ್ಯವಾಗಿ ಶುಕ್ರವಾರ ಸಂಜೆ 6ಕ್ಕೆ, ಶನಿವಾರ ಮಧ್ಯಾಹ್ನ 3ಕ್ಕೆ ಇರುತ್ತದೆ. ನಿಮ್ಮ ಕಾರ್ಯಕ್ರಮಕ್ಕೆ ಅಡ್ಡ ಬರದಿದ್ದರೆ ದಯವಿಟ್ಟು ತಪ್ಪಿಸಿಕೊಳ್ಳಬೇಡಿ.

1789ರಲ್ಲಿ ಇನ್ನೊಬ್ಬ ದೊಡ್ಡ ರಚನಕಾರ ಮೊಟ್ಸಾರ್ಟ್ ಈ ಊರಿಗೆ ಬಂದಾಗ, ಇದೇ ಕಾಯರ್ ಬಾಖ್‌ನ ಎಂಟು ಧ್ವನಿಗಳ ಒಂದು ಮೋಟೆಟ್ ಹಾಡಿತಂತೆ. ಕೇಳಿದ್ದೇ ತಡ, ಹಾಳೆಗಳನ್ನು ತೋರಿಸಿ ಅಂದನಂತೆ. ಎಲ್ಲ ಧ್ವನಿಗಳೂ ಒಟ್ಟಿಗಿರುವ ಸ್ಕೋರ್ ಅಲ್ಲಿರಲಿಲ್ಲ. ಒಂದೊಂದು ಧ್ವನಿಗೆ ಒಂದೊಂದು ಹಾಳೆ ಮಾತ್ರ. ಅವನು ಅವನ್ನೆಲ್ಲ ಸುತ್ತ ಹರಡಿಕೊಂಡು ಕೂತು ಓದಿದ ಅಂತ ಆ ಕಾಲದ ಸಂಗೀತ ಬರಹಗಾರ ರೊಖ್ಲಿಟ್ಸ್ ಬರೆದಿದ್ದಾನೆ. ನಿಮ್ಮ ಪ್ರಶ್ನೆಗೂ ಇದಕ್ಕೂ ನಂಟಿದೆ. "ಇದು ನನ್ನ ಕೊನೆಯ ಹಾಡು" ಅಂತ ಯೋಚಿಸುವಾಗ ನಮ್ಮ ಕಿವಿ ನಮ್ಮ ಹಾಳೆಯಲ್ಲೇ ಇರುತ್ತದೆ. ಟೆನರ್ (ಗಂಡಸರ ಎತ್ತರದ ಧ್ವನಿ) ಏನು ಹಾಡುತ್ತಿದ್ದಾರೆ, ಬಾಸ್ (ಗಂಡಸರ ತಗ್ಗಿನ ಧ್ವನಿ) ಎಲ್ಲಿ ಇಳಿಯುತ್ತಿದೆ ಅಂತ ಕಿವಿ ಕೊಟ್ಟರೆ ಅಳುವುದಕ್ಕೆ ಪುರಸೊತ್ತೇ ಇರುವುದಿಲ್ಲ. ನಮ್ಮ ನಿರ್ದೇಶಕರು ಕೊನೆಯ ಹಾಡಿಗೆ ನಾವು ನಿಲ್ಲುವ ಸಾಲುಗಳನ್ನೇ ಕಲೆಸಿಬಿಟ್ಟರು. ನನ್ನ ಒಂದು ಪಕ್ಕ ಬಾಸ್, ಇನ್ನೊಂದು ಪಕ್ಕ ಸೊಪ್ರಾನೊ (ಹೆಂಗಸರ ಎತ್ತರದ ಧ್ವನಿ). ಅಷ್ಟು ದಿನ ಹಾಡಿದ ಹಾಡಿನಲ್ಲಿ ಆವತ್ತು ಕೇಳಿದ ಎಷ್ಟೋ ಸ್ವರಗಳನ್ನು ಅದುವರೆಗೆ ಕೇಳಿರಲೇ ಇಲ್ಲ. ನಿಮ್ಮ ನಿರ್ದೇಶಕರನ್ನೂ ಕೇಳಿ ನೋಡಿ.

ರಿಹರ್ಸಲ್ ಬಗ್ಗೆ ಒಂದೇ ಮಾತು. ಚರ್ಚು ಖಾಲಿ ಇದ್ದಾಗ ಸ್ವರ ಕಲ್ಲುಗೋಡೆಗೆ ಬಡಿದು ಬಡಿದು ಬಹಳ ಹೊತ್ತು ನಿಲ್ಲುತ್ತದೆ. ಸಂಜೆ ಜನ ತುಂಬಿದಾಗ ಅವರ ಮೈ, ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತವೆ, ಗುಂಯ್‌ಗುಡುವುದು ಕಡಿಮೆಯಾಗುತ್ತದೆ. ನನ್ನ ಧ್ವನಿಯೇ ಬಿದ್ದುಹೋಗಿದೆ ಅಂದುಕೊಂಡು ಸುಮ್ನೆ ಜೋರು ಮಾಡಬೇಡಿ.

ಪಾಸ್‌ಪೋರ್ಟ್, ಬ್ಯಾಗು ಎಲ್ಲ ಕಾರ್ಯಕ್ರಮಕ್ಕೆ ಮೊದಲೇ ಸಿದ್ಧವಾಗಿರಲಿ. ಮರುದಿನ ಹಾಡುವುದಿಲ್ಲವಲ್ಲ, ಆ ರಾತ್ರಿ ಧ್ವನಿ ಉಳಿಸಿಕೊಳ್ಳುವ ಚಿಂತೆ ಬೇಡ. ಎಲ್ಲರ ಜೊತೆ ಮನಸಾರೆ ಹಾಡಿ, ಮಾತಾಡಿ. ಹಾಡಿನ ಹಾಳೆಗಳ ಫೋಲ್ಡರ್ ವಾಪಸ್ ಕೊಡುವ ಮುಂಚೆ ಮೊದಲ ವರ್ಷದ ಒಬ್ಬ ಆಲ್ಟೊ ಜೊತೆ ಸ್ವಲ್ಪ ಹೊತ್ತು ಕೂತುಕೊಳ್ಳಿ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ನೀವು ಪೆನ್ಸಿಲಿನಲ್ಲಿ ಹಾಕಿಕೊಂಡ ಗುರುತುಗಳನ್ನು ಅವರಿಗೆ ತೋರಿಸಿ. ಮುಂದಿನ ವರ್ಷ ಆ ಸಾಲು ಹಾಡಬೇಕಾದವರು ಅವರೇ.