ಮುದ್ದೆ ಬಿಟ್ಟ ಗಂಡ

"ಮೂರು ತಿಂಗ್ಳಾಯ್ತು ಮೇಡಂ, ಮುದ್ದೆ ಮುಟ್ತಿಲ್ಲ. ನನ್ ಮೇಲೆ ಅದೇನ್ ಮುನಿಸೋ."

ಸಲಹೆಗೆ ಬಂದಿದ್ದ ಮಂಡ್ಯ ಕಡೆಯ ದಂಪತಿ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಗಂಡನಿಗೆ ಮೈಸೂರಿನಲ್ಲಿ ಕ್ರೋಮ್ ಪ್ಲೇಟಿಂಗ್ ಕೆಲಸ, ಅಂದರೆ ದ್ರಾವಣದ ತೊಟ್ಟಿಯಲ್ಲಿ ಅದ್ದಿ ಲೋಹಕ್ಕೆ ಕ್ರೋಮ್ ಲೇಪ ಹಾಕೋದು, ಕಾಂಟ್ರಾಕ್ಟ್ ಮೇಲೆ. ಎರಡೂ ಕೈ ಜೇಬಿನಲ್ಲಿಟ್ಟು ಕೂತಿದ್ದರು.

ಕೈ ತೋರಿಸಿ ಅಂದೆ. ಬೆರಳ ಸಂದು ಬಿರಿದಿತ್ತು. ಗೆಣ್ಣಿನ ಮೇಲೆ ಹೆಸರುಕಾಳಿನಷ್ಟು ಹುಣ್ಣು, ಅಂಚು ದಪ್ಪ, ನಡುವೆ ಕೊರೆದ ಹಾಗೆ ಗುಳಿ. ಹುಣ್ಣು ಅಷ್ಟು ನೋಯಲ್ವಂತೆ. ಬಿರುಕಿಗೆ ಬಸ್ಸಾರಿನ ಖಾರ ತಾಗಿದರೆ ಮಾತ್ರ ಜೀವ ಹೋಗುತ್ತೆ. ಮುದ್ದೆ ಚಮಚದಲ್ಲಿ ತಿನ್ನೋಕಾಗುತ್ತಾ? ಅದಕ್ಕೇ ಬರೀ ಅನ್ನ.

ಅತ್ತೆ ಸರ್ಪದೋಷ ಅಂದಿದ್ದರು. ಅಂಟುತ್ತೆ ಅಂತ ಟವೆಲ್ಲೂ ಬೇರೆಯಾಗಿತ್ತು. ಯಾವಾಗ ವಾಸಿ ಇತ್ತು ಅಂತ ಕೇಳಿದೆ. "ಕುಕ್ಕೆಗೆ ಹೋಗ್ಬಂದಾಗ ಒಣಗಿತ್ತು." ಹೋಗಿದ್ದು ಯಾವಾಗ? ದಸರಾಗೆ, ವಾರ ಪೂರ್ತಿ ರಜೆ ಹಾಕಿ. ಕೆಲಸಕ್ಕೆ ಹೋದ ಮೇಲೆ ಮತ್ತೆ ಶುರು. ಹರಕೆಯ ತಂಟೆಗೆ ನಾನು ಹೋಗಲಿಲ್ಲ, ರಜೆಯ ಲೆಕ್ಕ ಮಾತ್ರ ಬರೆದುಕೊಟ್ಟೆ.

ನಾನು ಚರ್ಮದ ಡಾಕ್ಟರ್ ಅಲ್ಲ. ಇಎಸ್‌ಐ (ನೌಕರರ ರಾಜ್ಯ ವಿಮೆ) ಮೂಲಕ ತೋರಿಸಿ, ಏನು ಕೆಲಸ, ಯಾವ ತೊಟ್ಟಿ ಅಂತ ಮೊದಲೇ ಹೇಳಿ ಅಂದೆ. ಅಲರ್ಜಿ ಅನುಮಾನ ಬಂದರೆ ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು ತೆಗೀತಾರೆ, ಒಂದೆರಡು ದಿನ ಬಿಟ್ಟು ಮತ್ತೆ ನೋಡ್ತಾರೆ. ಕ್ರೋಮ್ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಬಿಡಲ್ಲ. ಆಗ ಬೇರೆ ಸೆಕ್ಷನ್ ಕೇಳಲೇಬೇಕು. ಈಗಿನ ಗ್ಲೌಸ್ ತುದಿಯಲ್ಲಿ ಹರಿದಿದೆ. ಒಳಗೆ ಹೋದ ದ್ರಾವಣ ಶಿಫ್ಟ್ ಮುಗಿಯೋವರೆಗೂ ಬೆವರಿನ ಜೊತೆ ಅಲ್ಲೇ ಇರುತ್ತೆ. ಥಿನ್ನರಿನಲ್ಲಿ ಕೈ ತೊಳೆಯೋದು ಇವತ್ತೇ ನಿಲ್ಲಬೇಕು.

"ಕಾಂಟ್ರಾಕ್ಟರ್ ಎತ್ತಾಕ್ಬಿಡ್ತಾನೆ ಮೇಡಂ."

ಭಯ ಸುಳ್ಳಲ್ಲ. ಆದರೆ ಇಎಸ್‌ಐ ಕಟ್ಟುವ ಕಾಂಟ್ರಾಕ್ಟ್ ನೌಕರರಿಗೂ ಹಕ್ಕಿದೆ. ಕೆಲಸದಿಂದ ಬಂದ ಕಾಯಿಲೆ ಅಂತ ಒಪ್ಪಿದರೆ ರಜೆಯಲ್ಲಿ ಸುಮಾರು 90% ಕೂಲಿ ಸಿಗುತ್ತೆ, ಮಾಮೂಲಿ ಕಾಯಿಲೆಗೆ 70%. ಅದಕ್ಕೇ ಡಾಕ್ಟರ್ ಚೀಟಿಯಲ್ಲಿ ಕೆಲಸದ ಹೆಸರು ಬರೆಸಿ ಅಂತ ಒತ್ತಿ ಹೇಳಿದೆ. ಅದೇ ತೊಟ್ಟಿಯ ಇನ್ನಿಬ್ಬರ ಕೈಯೂ ಹೀಗೇ ಇದೆಯಂತೆ. ಮೂವರೂ ಸೇರಿ ಅರ್ಜಿ ಕೊಡಿ, ನಕಲಿಗೆ ಸಹಿ ಹಾಕಿಸಿಕೊಳ್ಳಿ ಅಂದೆ.

ಹೆಂಡತಿಗೆ ಹೇಳಿದ್ದು ಎರಡೇ. ಇದು ಕೆಲಸದಿಂದಲೇ ಬಂದಿದ್ದು ಅಂತ ಡಾಕ್ಟರ್ ಅಂದರೆ, ಅಂಟಲ್ಲ, ಟವೆಲ್ ಒಂದೇ ಮಾಡಿ. ವಾಸಿಯಾಗೋವರೆಗೆ ತುತ್ತು ನೀವೇ ಮುರಿದು ಕೊಡಿ. ಗಂಡ ನಾಚಿ ಗೋಡೆ ನೋಡಿದರು.

ಎರಡನೇ ಸಲ ಬಂದಾಗ ಚೀಟಿ ಇತ್ತು, ಸೆಕ್ಷನ್ ಇನ್ನೂ ಬದಲಾಗಿರಲಿಲ್ಲ. ಮುದ್ದೆ?

"ಮಕ್ಳು ಮಲಗಿದ್ಮೇಲೆ," ಅಂದರು ಹೆಂಡತಿ.