ಕೊಳಲಿಗೆ ಕ್ಲಾರಿನೆಟ್ ಜೊತೆ

ಅಕ್ಕಾ, ಮಗಳ ಬಿಳಿ ಐದರ (ಹಾರ್ಮೋನಿಯಂನ ಐದನೇ ಬಿಳಿ ಮನೆಯ ಶ್ರುತಿಯ) ಕೊಳಲು, ಅಣ್ಣನ ಮಗನ ಬಿ-ಫ್ಲ್ಯಾಟ್ ಕ್ಲಾರಿನೆಟ್, ಜೋಡಿಯಾಗಿ ನುಡಿಸಲು ಏನಿದೆ ಎಂದು ಕೇಳಿದ್ದೀರಿ. ಮುತ್ತುಸ್ವಾಮಿ ದೀಕ್ಷಿತರ (1775–1835) ನೊಟ್ಟುಸ್ವರ ಎಂಬ ಪುಟ್ಟ ರಚನೆಗಳನ್ನು ಹಿಡಿಯಿರಿ. ಪಾಶ್ಚಾತ್ಯ ಧಾಟಿ, ಶಂಕರಾಭರಣ ರಾಗದ ಸ್ವರಗಳು, ಸ್ವರ ಬಳುಕಿಸುವ ಗಮಕದ ಕಷ್ಟವಿಲ್ಲ. ಕ್ಲಾರಿನೆಟ್ಟಿಗೆ ಹೇಳಿ ಮಾಡಿಸಿದ ಹಾಗಿವೆ. ಮೊದಲು ‘ಸಂತತಂ ಪಾಹಿಮಾಂ’.

ಕೊಳಲಿನ ಷಡ್ಜ ಜಿ. ಬಿ-ಫ್ಲ್ಯಾಟ್ ಕ್ಲಾರಿನೆಟ್ ಬರೆದ ಸ್ವರಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ ನುಡಿಯುತ್ತದೆ, ಹಾಗಾಗಿ ಹುಡುಗ ಎ ಹಿಡಿದರೆ ಅದೇ ನಾದ. ಅವನು ಒಂದು ಸ್ಥಾಯಿ ಕೆಳಗಿರಲಿ, ಕೊಳಲು ಮುಳುಗುವುದಿಲ್ಲ. ಆ ಕೆಳದನಿ ನನಗಂತೂ ಬಹಳ ಇಷ್ಟ.

ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ತಣ್ಣಗಾಗಿದ್ದ ಕ್ಲಾರಿನೆಟ್ ಊದಿ ಬಿಸಿಯಾದಂತೆ ಶ್ರುತಿ ಏರುತ್ತದೆ. ಹತ್ತು ನಿಮಿಷ ಊದಿದ ಮೇಲೆಯೇ ಶ್ರುತಿ ಸೇರಿಸಿ. ಶ್ರುತಿ ಇಳಿಸಲು ಕೊಳಲಿನ ಬಿದಿರನ್ನು ಉದ್ದ ಮಾಡಲು ಬರುವುದಿಲ್ಲ. ಹುಡುಗನೇ ಕ್ಲಾರಿನೆಟ್ಟಿನ ಊದುಬಾಯಿಯ ಕೆಳಗಿನ ಗಿಡ್ಡ ಕೊಳವೆಯನ್ನು ಕೂದಲೆಳೆಯಷ್ಟು ಹೊರಗೆಳೆಯಲಿ.